ಅಜ್ಜಿಯ ಅಟ್ಟ

ಎಪ್ಪತ್ತೊಂಬತ್ತರ ಬೇಸಿಗೆ. ಹಾಸಿಗೆ ಹಿಡಿದಿದ್ದ ಅಪ್ಪ, "ನಾನು ಹುಟ್ಟಿದ ಮನೆ ನೋಡ್ಕಂಡು ಬಾ ಕಣ್ಲಾ" ಎಂದ. ಹುಳಿಯಾರಿನಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ನಡೆದು ಹೋದೆ.

ಉಳಿದಿದ್ದದ್ದು ಮಣ್ಣುಗೋಡೆ ಮಾತ್ರ, ಸೂರಿಲ್ಲ, ಅಟ್ಟವಿಲ್ಲ. ಉರಿಬಿಸಿಲಲ್ಲೂ ನೆಲ ತಣ್ಣಗಿತ್ತು. ತಲೆಯ ಮೇಲೆ ಯಾರೋ ಒಣಗಿದ ಕಾಯಿ ಅಲ್ಲಾಡಿಸಿದಂತೆ ಲೊಡಲೊಡ ಸದ್ದಾಯಿತು. ಕತ್ತೆತ್ತಿದರೆ ಬರೀ ಆಕಾಶ.

ಪಕ್ಕದ ತೋಟದ ಕೆಂಪಕ್ಕ ನಕ್ಕಳು. "ನಿಮ್ಮಜ್ಜಿ ಕಣಪ್ಪ. ಸತ್ರೂ ಅಟ್ಟದ ಚಿಂತೆ ಬುಟ್ಟಿಲ್ಲ. ಅಟ್ಟದ ಮೇಲೆ ಒಣಗಾಕಿದ ಕಾಯೊಳಗೆ ಕೊಬ್ಬರಿ ಲೊಡಲೊಡ ಅಂದ್ರೆ ಇಳಿಸ್ಕೊತಾಳೆ. ಹಸಿ ಕಾಯಿ ಮುಟ್ಟಾಕಿಲ್ಲ."

ಹಿಂತಿರುಗಿ, ಮನೆ ಚೆನ್ನಾಗಿದೆ ಎಂದು ಅಪ್ಪನಿಗೆ ಸುಳ್ಳು ಹೇಳಿದೆ. ನೀರು ಕುಡಿಸಲು ಭುಜ ಹಿಡಿದು ಎಬ್ಬಿಸಿದಾಗ ಅವನ ಮೈ ಆ ನೆಲದಷ್ಟೇ ತಣ್ಣಗಿತ್ತು. ಅವನ ಎದೆಯೊಳಗೆ ಏನೋ ಲೊಡಲೊಡ ಎಂದಿತು.

ಅಪ್ಪ ನನ್ನನ್ನು ನೋಡಲಿಲ್ಲ. ಸೂರಿನ ಕಡೆ ನೋಡುತ್ತ, "ಅಲ್ಲಾಡಿಸ್ಬ್ಯಾಡ ಕಣವ್ವಾ, ಇನ್ನೂ ಹಸಿ ಐತೆ" ಎಂದ.