ಶನಿವಾರದಿಂದ ಶುರುವಾದ ವಾರ

"ತಾತನ ಹೆಸರು ನಾನು ಬರೆದಿದ್ದೆ, ಟೀಚರಮ್ಮ. ಮಂಗಳವಾರ ಹತ್ತು ಗಂಟೆ. ನನ್ನ ಕೈಯಾರೆ ಬರೆದಿದ್ದೆ."

ರಿಸೆಪ್ಷನ್ ಅಕ್ಕ ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ಮೇಲಿನ ಮನೆಗೆ ಕರೆತಂದಿದ್ದವನು ಕಂಪೌಂಡರ್. ಕೆಳಗಿನ ಡಯಾಲಿಸಿಸ್ ಕೇಂದ್ರದಲ್ಲಿ ಏನೇ ಕಳೆದರೂ ಎಲ್ಲರೂ ಕೊನೆಗೆ ತಟ್ಟುತ್ತಿದ್ದುದು, ಮೂವತ್ತು ವರ್ಷ ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿಸಿ ನಿವೃತ್ತರಾದ ಈ ಟೀಚರಮ್ಮನ ಬಾಗಿಲನ್ನೇ. ಇಂಥ ನಾಲ್ಕು ಪ್ರಕರಣಗಳಲ್ಲಿ ಕಂಪೌಂಡರ್ ತಾನೇ ಮೊದಲು ಪತ್ತೆಹಚ್ಚುತ್ತೇನೆಂದು ಟೊಂಕ ಕಟ್ಟಿದ್ದ. ನಾಲ್ಕರಲ್ಲೂ ಬೇಸ್ತು ಬಿದ್ದಿದ್ದ.

ಈ ಸಲ ಹೋದದ್ದು ಒಂದು ಜೀವ. ಮಂಗಳವಾರ ಅಕ್ಕ ಕಣ್ಣಿನ ಡಾಕ್ಟರ ಬಳಿ ಹೋಗಿದ್ದಳು. ಅವಳ ಜಾಗದಲ್ಲಿ ಮ್ಯಾನೇಜರ್ ಕೂತಿದ್ದ. ಮಗಳ ಕೈಹಿಡಿದು ಬಂದ ದರ್ಜಿ ತಾತನಿಗೆ ಅವನು ಪಟ್ಟಿಯಲ್ಲಿ ಹೆಸರಿಲ್ಲ, ಗುರುವಾರ ಬನ್ನಿ ಎಂದ. ತಾತ ಬುಧವಾರ ಬೆಳಿಗ್ಗೆ ತೀರಿಕೊಂಡರು. ಅಂದು ಸಂಜೆ ಡಾಕ್ಟರು ಅಕ್ಕನ ಕಂಪ್ಯೂಟರಿನ ಕ್ಯಾಲೆಂಡರ್ ತೆಗೆದು ನೋಡಿದರೆ, ಆ ಹೊತ್ತಿಗೆ ಬೇರೆ ಯಾರದೋ ಹೆಸರಿತ್ತು. ಕಣ್ಣು ಕಾಣದವಳು ಬರೆಯುವುದನ್ನೇ ಮರೆತಳೆಂದು ಎಲ್ಲರ ತೀರ್ಮಾನ.

"ಕೆಲಸ ಹೋದ್ರೆ ಹೋಗ್ಲಿ," ಎಂದಳು ಅಕ್ಕ. "ಆ ಹುಡುಗಿ 'ನಮ್ಮಪ್ಪನ್ನ ಕೊಂದೆ' ಅಂದ್ಲು. ನಾನೇ ಕೊಂದಿದ್ರೆ ಹೇಳಿಬಿಡಿ."

ಟೀಚರಮ್ಮ ಸಮಾಧಾನ ಹೇಳಲಿಲ್ಲ. "ಕಣ್ಣು ಹೇಗಿದೆಯಮ್ಮ ಈಗ?"

"ಬುಧವಾರ ಊಟ ಮುಗಿಸಿ ಬಂದಾಗಿನಿಂದ ಇನ್ನೂ ಮಂಜು. ಅಕ್ಷರ ಇರುವೆ ಥರ ಕಾಣ್ತವೆ. ನೆನಪಿಸೋಕೆ ಕಂಪ್ಯೂಟರ್ ಗಂಟೆ ಹೊಡೆದದ್ದೂ ಕೇಳಿಸ್ತಿಲ್ಲ, ಕಿವಿಯೂ ಹೋಯ್ತೇನೋ."

"ಬುಧವಾರ ಮಧ್ಯಾಹ್ನ," ಎಂದು ಟೀಚರಮ್ಮ ಚಪ್ಪಲಿ ಮೆಟ್ಟಿಕೊಂಡರು.

ಕಂಪೌಂಡರನ ಅನುಮಾನ ನರ್ಸ್ ಮೇಲಿತ್ತು. ರಜೆಯ ವಿಷಯಕ್ಕೆ ಅವಳಿಗೂ ಅಕ್ಕನಿಗೂ ಮಾತು ಬಿಟ್ಟುಹೋಗಿತ್ತು. ಟೀಚರಮ್ಮ ಮಾತ್ರ ಅಕ್ಕನ ಪರದೆಯ ಮುಂದೆ ಒಂದು ನಿಮಿಷ ಕೂತು ಎದ್ದರು. ಆಮೇಲೆ ಮ್ಯಾನೇಜರನ ಕೋಣೆಯಲ್ಲಿ ನೀರು ಕೇಳಿ ಕುಡಿದರು. ಗೋಡೆಯ ಮೇಲೆ ಡ್ಯೂಟಿ ಪಟ್ಟಿ ತೂಗುತ್ತಿತ್ತು: ಶನಿವಾರದಿಂದ ಶುಕ್ರವಾರದವರೆಗೆ ಏಳು ಗೆರೆ. ಹೊರಬಂದು ಅವರು ಕಂಪೌಂಡರನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಹೋದ ತಿಂಗಳು ನಿನ್ನ ಔಷಧಿ ಕಂಪ್ಯೂಟರ್ ಕೆಟ್ಟಿತ್ತಲ್ಲ, ಯಾರು ಸರಿಮಾಡಿದ್ರು?"

"ಮ್ಯಾನೇಜರ್ರೇ. ನನ್ನ ಫೋಲ್ಡರಿಗೆ 'ಹಳೇದು' ಅಂತ ಹೆಸರಿಟ್ಟು, ಅವರದ್ದನ್ನ ತಂದು ಹಾಕಿದ್ರು. ಎರಡೇ ನಿಮಿಷ."

ಶುಕ್ರವಾರ ಮಧ್ಯಾಹ್ನ ರಿಸೆಪ್ಷನ್ ಮೇಜಿನ ಸುತ್ತ ಎಲ್ಲರೂ ಸೇರಿದರು. ತಾತನ ಮಗಳು ಅಕ್ಕನಿಗೆ ಬೆನ್ನು ಮಾಡಿ ನಿಂತಿದ್ದಳು.

"ಈ ಕ್ಯಾಲೆಂಡರಲ್ಲಿ ಬರೆದದ್ದೆಲ್ಲ ಇದೇ ಕಂಪ್ಯೂಟರಿನ ಒಂದು ಫೋಲ್ಡರಲ್ಲಿ ಇರುತ್ತೆ," ಎಂದರು ಟೀಚರಮ್ಮ. "ಆ ಫೋಲ್ಡರ್ ಸುಮ್ಮನೆ ನೋಡಿದ್ರೆ ಕಾಣಲ್ಲ, ಅಡಗಿರುತ್ತೆ. ರೋಗಿಗಳ ಹೆಸರು ಅಲ್ಲೇ. ಅಕ್ಷರ ಎಷ್ಟು ದಪ್ಪ, ಗಂಟೆ ಹೊಡೀಬೇಕೋ ಬೇಡವೋ, ವಾರ ಯಾವತ್ತಿಂದ ಶುರು, ಅದೂ ಅಲ್ಲೇ. ಅಕ್ಕ ತನ್ನ ಕಣ್ಣಿಗಾಗಿ ದಪ್ಪಕ್ಷರ ಇಟ್ಕೊಂಡಿದ್ಲು. ಬುಧವಾರ ಊಟದ ಹೊತ್ತಲ್ಲಿ ಅಕ್ಷರ ಚಿಕ್ಕದಾಯ್ತು, ಗಂಟೆ ನಿಂತ್ಹೋಯ್ತು. ಒಂದು ಹೆಸರು ಅಳಿಸಿದ್ರೆ ಹಾಗಾಗಲ್ಲ. ಇಡೀ ಫೋಲ್ಡರೇ ಬದಲಾಗಿದೆ."

"ಯಾರ ಫೋಲ್ಡರ್?" ಡಾಕ್ಟರು ಕೇಳಿದರು.

"ಪರದೆ ನೋಡಿ. ವಾರ ಶನಿವಾರದಿಂದ ಶುರುವಾಗ್ತಿದೆ. ಇಲ್ಲಿ ಹಾಗೆ ವಾರ ಎಣಿಸೋರು ಒಬ್ಬರೇ, ಗೋಡೆ ಮೇಲೆ ಡ್ಯೂಟಿ ಪಟ್ಟಿ ಹಾಕಿರೋ ಮ್ಯಾನೇಜರ್. ಅಕ್ಕ ವಾರವಾರ ಪಟ್ಟಿ ಕಳಿಸ್ತಾಳೆ, ಅವರು ತಮ್ಮ ಕ್ಯಾಲೆಂಡರಿಗೆ ತುಂಬ್ಕೋತಾರೆ. ತಾತನ ಹೊತ್ತನ್ನ ಬೇರೆಯವರಿಗೆ ಕೊಟ್ಟದ್ದು ಅಲ್ಲಿ. ಸಾವಿನ ಸುದ್ದಿ ಬಂದ ಮೇಲೆ ತಮ್ಮ ಫೋಲ್ಡರನ್ನೇ ತಂದು ಇಲ್ಲಿ ಕೂರಿಸಿದ್ರು. ಹೆಸರುಗಳ ಜೊತೆ ತಮ್ಮ ಅಭ್ಯಾಸಗಳೂ ಬರ್ತವೆ ಅಂತ ಹೊಳೀಲಿಲ್ಲ."

ಕಂಪೌಂಡರ್ ನರ್ಸಿನ ಮುಖ ನೋಡಲಾರದೆ ತಲೆತಗ್ಗಿಸಿದ. ಐದನೆಯ ಸಲವೂ ಬೇಸ್ತು ಬಿದ್ದಿದ್ದ, ಆದರೆ ಈ ಸಲ ಅವನಿಗೆ ನಾಚಿಕೆಯಾಯಿತು.

"ಊಹೆ!" ಮ್ಯಾನೇಜರ್ ದನಿ ಏರಿಸಿದ.

"ನೀನು ನನ್ನ ಹತ್ರಾನೇ ಕಲಿತವನಲ್ವೇನಪ್ಪ? ಹಳೇದನ್ನ ಎಸೀಬೇಡ, ಹೆಸರು ಬದಲಿಸಿ ಪಕ್ಕಕ್ಕಿಡು ಅಂತ ಹೇಳ್ಕೊಟ್ಟವಳು ನಾನೇ." ಅವರು ಅಡಗಿದ ಫೋಲ್ಡರುಗಳನ್ನು ತೆರೆದು ತೋರಿಸಿದರು. ಸಾಲಿನ ಕೊನೆಯಲ್ಲಿ 'ಹಳೇದು' ಎಂದಿತ್ತು.

ಮ್ಯಾನೇಜರ್ ಪರದೆಯಿಂದ ಕಣ್ಣು ಕಿತ್ತು ಡಾಕ್ಟರ ಕಡೆ ತಿರುಗಿದ. "ದೊಡ್ಡವರೊಬ್ಬರು ಅರ್ಜೆಂಟ್ ಅಂತ ಫೋನ್ ಮಾಡಿದ್ರು. ತಾತ ಎರಡು ದಿನ ತಡ್ಕೋತಾರೆ ಅನ್ಕೊಂಡೆ."

ಟೀಚರಮ್ಮ ಹಳೆಯ ಫೋಲ್ಡರನ್ನು ಅದರ ಜಾಗಕ್ಕೆ ಸೇರಿಸಿ ಕ್ಯಾಲೆಂಡರ್ ತೆರೆದರು. ಸೋಮವಾರದಿಂದ ಶುರುವಾದ ವಾರ ದಪ್ಪಕ್ಷರದಲ್ಲಿ ಮೂಡಿತು. ಮಂಗಳವಾರ, ಹತ್ತು ಗಂಟೆ, ದರ್ಜಿ ತಾತ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಪರದೆಯ ನಡುವೆ ಅಕ್ಕನೇ ಸೋಮವಾರಕ್ಕೆಂದು ಬರೆದಿಟ್ಟು, ಇನ್ನೂ ಅಳಿಸದೆ ಉಳಿದಿದ್ದ ನೆನಪೋಲೆ: 'ನಾಳೆ ಹತ್ತಕ್ಕೆ ದರ್ಜಿ ತಾತ. ಕಾಲು ಊತ. ಬಾಗಿಲ ಹತ್ತಿರದ ಹಾಸಿಗೆಯೇ ಕೊಡಬೇಕು. ಮಗಳು ನಿಂತೇ ಇರುತ್ತಾಳೆ, ಅವಳಿಗೊಂದು ಕುರ್ಚಿ.'

ಮಗಳು ತಿರುಗಿ ಅದನ್ನು ಎರಡು ಸಲ ಓದಿದಳು. ಗಂಟೆ ಹೊಡೆಯುತ್ತಲೇ ಇತ್ತು, ನಿಲ್ಲಿಸಲು ಅಕ್ಕನಿಗೆ ಕೈ ಬರಲಿಲ್ಲ. ಕಂಪೌಂಡರ್ ಒಳಗಿನಿಂದ ಒಂದು ಕುರ್ಚಿ ತಂದು ಅಕ್ಕನ ಪಕ್ಕದಲ್ಲಿಟ್ಟ. ಮಗಳು ಬಂದು ಕೂತಳು.