ಕತ್ತರಿ ಹಾಕದ ಖಣ

ಅಪ್ಪ ಪದ್ಯ ಓದುವಾಗ ಮೈತ್ರಿ ಹೊಲಿಗೆ ಮಿಷನ್ ತುಳಿಯುವುದಿಲ್ಲ. ಉಡುತಡಿಯಿಂದ ಬಂದು ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟ ದಿನದಿಂದ ಇದೇ ನಡೆದುಕೊಂಡು ಬಂದಿದೆ. ಬೆಳಿಗ್ಗೆ ಊದಿನಕಡ್ಡಿ ಹಚ್ಚಿ, ಅಪ್ಪ ಸಣ್ಣಪ್ಪ ಸ್ಟೂಲಿನ ಮೇಲೆ ಕೂತು ರಾಗವಾಗಿ ಓದುತ್ತಾರೆ. ಗಿರಾಕಿಗಳು ಮಾತ್ರ ಕಾಯುವುದಿಲ್ಲ. ಪದ್ಯದ ನಡುವೆಯೇ ತೋಳು ಬಿಗಿಯಾಯಿತು, ಹುಕ್ಕು ಕಿತ್ತಿತು ಎಂದು ಶುರುಮಾಡುತ್ತಾರೆ.

ಆ ದಿನ ಹೆಗಲ ಮೇಲೆ ದೊಡ್ಡ ಗಂಟು ಹೊತ್ತ ಒಬ್ಬ ಬಾಗಿಲಲ್ಲೇ ನಿಂತುಬಿಟ್ಟ. ಚಪ್ಪಲಿ ಬಿಟ್ಟಿದ್ದ. ಕಣ್ಣು ನೆಲದ ಮೇಲಿತ್ತು, ಕಿವಿ ಪದ್ಯದ ಮೇಲಿತ್ತು. ಕೊನೆಯ ಸಾಲು ಇಳಿದು ನಿಂತ ಮೇಲೆಯೇ ಒಳಗೆ ಬಂದು ಗಂಟು ಬಿಚ್ಚಿದ. ಬಣ್ಣಬಣ್ಣದ ಬ್ಲೌಸ್ ಪೀಸುಗಳು ನೆಲದ ತುಂಬ ಹರಡಿದವು.

"ಬ್ಯಾಡ್ರಿ," ಎಂದಳು ಮೈತ್ರಿ. "ನಮ್ಮಲ್ಲೇ ರಗಡ ಬಿದ್ದಾವ. ಮುಂದಿನ ಅಂಗಡಿಗೆ ಹೋಗ್ರಿ."

"ಮಾರೋಕೆ ಬಂದಿಲ್ಲ ಕಣ್ರೀ. ಹೊಲಿಸೋಕೆ."

"ಇಷ್ಟೂ ರವಿಕೆನಾ? ಮನಿಯಾಗ ಎಷ್ಟು ಮಂದಿ ಹೆಂಗಸರು ಅದಾರ್ರಿ?"

"ಅಮ್ಮ ಒಬ್ಬಳೇ." ಅವನ ಕಿವಿ ಕೆಂಪಾದವು. "ರವಿಕೆ ಅಲ್ಲ, ಚೀಲ. ಸಂತೆಗೆ ಹಿಡ್ಕೊಂಡು ಹೋಗೋ ಚೀಲ."

ಅವನ ಹೆಸರು ಮಾಲತೇಶ್. ಊರು ಜಡೆ. ಭತ್ತದ ಗದ್ದೆಯ ಜೊತೆಗೆ ಈ ವರ್ಷ ಕೆರೆಯ ತೂಬು ತೆಗೆಯುವ, ಮುಚ್ಚುವ ಕೆಲಸವನ್ನೂ ಊರವರು ಅವನಿಗೇ ಹಚ್ಚಿದ್ದರು. ಒಂದು ದಿನ ತೂಬು ಎತ್ತಿದರೆ ನೀರು ಬರಲಿಲ್ಲ. ಕಾಲುವೆಯ ಬಾಯಿಗೆ ಕೈ ಹಾಕಿ ಎಳೆದ. ಒಂದರ ಹಿಂದೆ ಒಂದು ಪ್ಲಾಸ್ಟಿಕ್ ಕವರ್ ಬಂತು. ಶಿಕಾರಿಪುರದ ಛತ್ರದಲ್ಲಿ ಆದ ತಂಗಿಯ ಮದುವೆಯಲ್ಲಿ ತಾಂಬೂಲ ಹಾಕಿ ಕೊಟ್ಟ ಕವರುಗಳು. ಎಲ್ಲದರ ಮೇಲೂ 'ನಾಗಶ್ರೀ–ಲೋಕೇಶ' ಎಂದು ಬಂಗಾರದ ಅಕ್ಷರ.

"ಊರವರೆಲ್ಲ ದಂಡೆ ಮೇಲೆ ನಿಂತು ಓದ್ತಾ ಇದ್ರು," ಎಂದ.

ಮೈತ್ರಿ ನಕ್ಕಳು. ಅವನ ಮುಖ ನೋಡಿ ನಗು ತಡೆದಳು.

"ಕವರ್ ಆರಿಸಿದ್ದು ನಾನೇ ಕಣ್ರೀ. ಹೊಳೀತೈತೆ ಅಂತ."

ಅದಾದ ಮೇಲೆ ಅವನ ಮನೆಗೆ ಕವರ್ ಬರುವುದು ನಿಂತಿತ್ತು. ಈಗ ಊರಿನ ಪರಮಶಿವಪ್ಪನ ದಿನಸಿ ಅಂಗಡಿಯಲ್ಲಿ ಒಂದಿಷ್ಟು ಚೀಲ ಮೊಳೆಗೆ ನೇತುಹಾಕುವುದು, ಕೈಬೀಸಿಕೊಂಡು ಬಂದವರು ತೆಗೆದುಕೊಂಡು ಹೋಗಿ ಮತ್ತೆ ತಂದು ಸಿಕ್ಕಿಸುವುದು ಅಂತ ಮಾಡಿದ್ದ. ಬಟ್ಟೆಗೆ ಅಮ್ಮ ದ್ಯಾಮಮ್ಮನ ಪೆಟ್ಟಿಗೆ ಇತ್ತಲ್ಲ. ಅರಿಸಿನ ಕುಂಕುಮದ ಜೊತೆ ಬಂದ ಬ್ಲೌಸ್ ಪೀಸನ್ನು ಯಾರು ಹೊಲಿಸುತ್ತಾರೆ? ಅವು ಈ ಮನೆಯಿಂದ ಆ ಮನೆಗೆ ತಿರುಗುತ್ತಲೇ ಇರುತ್ತವೆ.

ಮೈತ್ರಿ ಒಂದು ಗಿಳಿಹಸಿರು ಪೀಸನ್ನು ಎತ್ತಿ ಬೆಳಕಿಗೆ ಹಿಡಿದಳು. "ಇದು ಹೋದ ವರ್ಷ ನಮ್ಮನಿಗೂ ಬಂದಿತ್ರಿ. ಮೂಲಿಯಾಗ ಮಸಿ ಕಲೆ ಐತಿ ನೋಡ್ರಿ."

"ನಿಮ್ಮನೆಯಿಂದ ನಮ್ಮನೆಗೆ ಬಂತಾ ಹಾಗಾದ್ರೆ?"

"ನಡುವ ಎಷ್ಟು ಮನಿ ನೋಡಿ ಬಂತೋ."

ಅವನು ಆ ಪೀಸನ್ನು ಅವಳ ಕೈಯಿಂದ ತೆಗೆದುಕೊಂಡು, ಮಡಚಿ, ಬೇರೆಯಾಗಿ ಇಟ್ಟ.

ಹೊಲಿದಷ್ಟು ಚೀಲ ಒಯ್ಯಲು ಅವನು ಬರತೊಡಗಿದ. ಬೈಕು ಇತ್ತು, ಆದರೂ ಬಸ್ಸಿನಲ್ಲೇ ಬರುತ್ತಿದ್ದ. ಬಸ್ಸು ಹೇಗೂ ಬರುತ್ತದಲ್ಲ, ನನ್ನೊಬ್ಬನಿಗೆ ಪೆಟ್ರೋಲ್ ಯಾಕೆ ಎನ್ನುತ್ತಿದ್ದ. ಪಕ್ಕದ ಮಹೇಶ್ವರಪ್ಪನ ಹೋಟೆಲಿನಿಂದ ಚಹಾ ಬಂದರೆ ಎಲ್ಲರದು ಪೇಪರ್ ಕಪ್ಪು, ಅವನದು ಚೀಲದಿಂದ ಹೊರಬರುವ ಸ್ಟೀಲ್ ಲೋಟ.

"ಬಂದ್ರು ನೋಡಪ್ಪಾ ಲೋಟದ ಸ್ವಾಮಿಗಳು," ಎಂದು ಮೈತ್ರಿ ಅಪ್ಪನಿಗೆ ಹೇಳುವಳು, ಅವನಿಗೆ ಕೇಳುವಷ್ಟು ಜೋರಾಗಿ.

ಮುಂದಿನ ಸಲ ಅವನು ಮೂರು ಲೋಟ ತಂದ. ಅಪ್ಪನ ಮುಂದೊಂದು, ಅವಳ ಮಿಷನ್ ಪಕ್ಕ ಒಂದು ಇಟ್ಟ. ಲೋಟ ಬಿಸಿಯಾಗಿತ್ತು. ಅವಳು ಸೆರಗಿನಿಂದ ಹಿಡಿದು ಕುಡಿದಳು. ಕುಡಿಯುವಾಗ ಲೋಟದ ಅಂಚಿನ ಮೇಲಿನಿಂದ ಅವನನ್ನು ನೋಡಿದಳು. ಅವನು ಅದೇ ಹೊತ್ತಿಗೆ ನೋಡಿದ. ಇಬ್ಬರೂ ಚಹಾದ ಕಡೆ ತಿರುಗಿದರು.

ಒಂದು ಸಂಜೆ ಅವನು ಬಂದಾಗ ಮೈತ್ರಿ ಅಂಗಡಿಯ ಹಿಂದೆ ಬಟ್ಟೆಯ ಚಿಂದಿಗೆ ಬೆಂಕಿ ಹಚ್ಚಿದ್ದಳು. ಕಪ್ಪು ಹೊಗೆ ಏಳುತ್ತಿತ್ತು. ಅವನು ಹೊಗೆಯನ್ನು ನೋಡಿದ, ಅವಳನ್ನು ನೋಡಿದ, ಮೇಲಕ್ಕೆ ನೋಡಿದ.

"ಹೇಳೂದಿದ್ರ ಹೇಳಿಬಿಡ್ರಿ. ಸುಮ್ನ ನೋಡಬ್ಯಾಡ್ರಿ."

"ನಾನೇನೂ ಹೇಳ್ಲಿಲ್ಲವಲ್ಲ ಮಾರಾಯ್ರೆ."

"ಅದಕ್ಕೇ ಸಿಟ್ಟು ಬರೂದು."

ಅವನು ಬಸ್ಸು ಹತ್ತಿದ ಮೇಲೆ ಅವಳು ಒಂದು ಕೊಡ ನೀರು ತಂದು ಬೆಂಕಿಗೆ ಸುರಿದಳು. ಮುಂದಿನ ವಾರ ಅವನು ಬಂದಾಗ ಬೆಂಚಿನ ಮೇಲೆ ಹೊಸ ದಿಂಬೊಂದಿತ್ತು. ಒಳಗೆಲ್ಲ ಚಿಂದಿ. "ಕುಂದರ್ರಿ," ಎಂದಳು. ಅವನು ಕೂತು, "ಮೆತ್ತಗೈತೆ," ಎಂದ. ಅಷ್ಟೇ ಮಾತು. ಅಂದಿನ ಕೆಲಸವೆಲ್ಲ ಅವಳಿಗೆ ಹಗುರವಾಯಿತು.

ಗಂಟಿನ ತಳದಲ್ಲಿ, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ರವಿಕೆ ಖಣ ಸಿಕ್ಕಿತು. ಕೈಮಗ್ಗದ್ದು, ದಾಳಿಂಬೆ ಬಣ್ಣ, ಹಸಿರು ಅಂಚು. ಬಿಚ್ಚಿದರೆ ಕರ್ಪೂರದ ವಾಸನೆ.

"ಇದು ಬ್ಯಾರೆ ಥರ ಐತ್ರಿ. ಅಮ್ಮಾರನ್ನ ಒಂದ್ಮಾತು ಕೇಳ್ರಿ."

"ಪೆಟ್ಟಿಗೆ ಪೂರ್ತಿ ಖಾಲಿ ಮಾಡು ಅಂದಿದ್ದು ಅಮ್ಮನೇ. ಹೊಲೀರಿ."

ಅವಳು ಹೊಲಿದಳು. ಮಿಕ್ಕ ಚೀಲಗಳ ಜೊತೆ ಅದನ್ನೂ ಕೊಟ್ಟಳು. ಅವನು ಬೇರೆ ಚೀಲಗಳನ್ನು ಕಟ್ಟಿ, ಅದೊಂದನ್ನು ಮಾತ್ರ ಕೈಯಲ್ಲಿ ಹಿಡಿದು, ದಾರಿಯಲ್ಲಿ ಈರುಳ್ಳಿ ಕೊಂಡು ಅದರಲ್ಲೇ ತುಂಬಿಸಿಕೊಂಡು ಬಸ್ಸು ಹತ್ತಿದ. ಕೆಲಸ ಮುಗಿದಿತ್ತು. ಇನ್ನು ಅವನು ಯಾವ ನೆವದಲ್ಲಿ ಬರುತ್ತಾನೆ ಎಂದು ಮೈತ್ರಿ ಬಾಗಿಲಲ್ಲಿ ನಿಂತು ಯೋಚಿಸಿದಳು.

ಮರುದಿನ ಬೆಳಿಗ್ಗೆಯೇ ಬಂದ. ಮುಖ ಬಾಡಿತ್ತು.

"ತಪ್ಪಾಯ್ತು ಕಣ್ರೀ. ಆ ಖಣ ನಮ್ಮಜ್ಜಿ ಹುಲಿಯಮ್ಮ ತೆಗೆದಿಟ್ಟಿದ್ದಂತೆ. ಮೊಮ್ಮಗನ ಹೆಂಡ್ತಿಗೆ ಅಂತ. ತಳದಲ್ಲಿ ಇರೋದು ಅಮ್ಮಂಗೂ ಮರೆತಿತ್ತು. ಈರುಳ್ಳಿ ಸುರಿಯೋವಾಗ ನೋಡಿದ್ಲು. ನಿನ್ನೆಯಿಂದ ಊಟಾನೇ ಮಾಡಿಲ್ಲ."

ಮೈತ್ರಿ ಉತ್ತರಿಸುವ ಮೊದಲೇ ಅವನು ಮತ್ತೊಂದು ಹೇಳಿದ. ಭಾನುವಾರ ಶಿಕಾರಿಪುರದಲ್ಲಿ, ತಂಗಿಯ ಗಂಡ ಲೋಕೇಶನ ನೆಂಟರ ಮನೆಯಲ್ಲಿ, ಹೆಣ್ಣು ನೋಡಲು ಅಮ್ಮ ಗೊತ್ತು ಮಾಡಿದ್ದಾಳೆ. ಆ ಖಣ ಅಲ್ಲಿ ಉಡಿಗೆ ಹಾಕಬೇಕಿತ್ತಂತೆ.

"ಹೌದಾ," ಎಂದಳು.

ಅಪ್ಪ ಓದುವ ಪದ್ಯಗಳಲ್ಲಿ ಇಂಥ ಹೊತ್ತಿಗೆ ಗಾಳಿ ನಿಲ್ಲುತ್ತದೆ, ಚಂದ್ರ ಸುಡುತ್ತಾನೆ. ಅವಳಿಗೆ ಅಂಥದ್ದೇನೂ ಆಗಲಿಲ್ಲ. ಸೂಜಿಗೆ ದಾರ ಪೋಣಿಸಲು ಬರಲಿಲ್ಲ, ಅಷ್ಟೇ.

"ನಾಳೆ ಅಮ್ಮಾರನ್ನ ಕರ್ಕೊಂಡು ಬರ್ರಿ. ಚೀಲಾನೂ ತರ್ರಿ," ಎಂದಳು ತಲೆ ಎತ್ತದೆ.

ಅವರು ಬಂದಾಗ ಸಣ್ಣಪ್ಪ ಓದುತ್ತಿದ್ದರು. ಮಾಲತೇಶ್ ಬಾಗಿಲಲ್ಲಿ ನಿಂತ. ದ್ಯಾಮಮ್ಮ ಸಿಟ್ಟಿನಲ್ಲೇ ಒಳಗೆ ನುಗ್ಗಲು ಹೋದವಳು, ಮಗನನ್ನು ನೋಡಿ ತಾನೂ ನಿಂತಳು. ಪದ್ಯ ಮುಗಿಯುವ ಹೊತ್ತಿಗೆ ಅವಳ ಉಸಿರು ಇಳಿದಿತ್ತು.

"ನೀನೇನಾ ಕತ್ತರಿ ಆಡಿಸಿದ್ದು?" ಎಂದಳು.

ಮೈತ್ರಿ ಚೀಲ ತೆಗೆದುಕೊಂಡು ಬ್ಲೇಡಿನ ಮೂಲೆಯಿಂದ ಹೊಲಿಗೆ ಬಿಚ್ಚತೊಡಗಿದಳು. ಒಂದು ಬದಿ ಬಿಚ್ಚಿತು. ಇನ್ನೊಂದು ಬದಿ. ಹಿಡಿಕೆಗಳು ಬೇರೆ ಬಟ್ಟೆಯವು, ಕಳಚಿ ಬಿದ್ದವು. ಒಳಗೆ ಮಡಚಿ ಅಡಗಿಸಿದ್ದ ಪದರಗಳನ್ನು ಬಿಡಿಸಿ ಕೊಡವಿದಳು. ಮೇಜಿನ ಮೇಲೆ ಖಣ ಪೂರ್ತಿಯಾಗಿ, ಅಂಚಿನಿಂದ ಅಂಚಿನವರೆಗೆ ಹರಡಿಕೊಂಡಿತು.

ದ್ಯಾಮಮ್ಮ ಅದರ ಮೇಲೆ ಕೈಯಾಡಿಸಿದಳು. "ಕತ್ತರಿಸೇ ಇಲ್ಲ!"

"ಮನಸ್ಸು ಬರಲಿಲ್ರಿ ಅಮ್ಮಾ. ಯಾರೋ ಯಾರಿಗೋ ಅಂತ ಇಟ್ಟಂಗಿತ್ತು. ಮಡಚಿ ಮಡಚಿ ಹೊಲಿದೆ."

ದ್ಯಾಮಮ್ಮ ಖಣವನ್ನು ಎತ್ತಿ ಹಿಡಿದಳು. ಮಡಿಕೆ ಇದ್ದಲ್ಲೆಲ್ಲ ಸೂಜಿಯ ತೂತುಗಳು ಸಾಲಾಗಿ ಬೆಳಕು ಬಿಟ್ಟವು.

"ಆದ್ರೂ ಇಷ್ಟು ತೂತು ಬಿದ್ದೈತಲ್ಲೇ ತಾಯಿ. ಇದನ್ನ ಹೇಗೆ ಒಬ್ಬರ ಮನೆ ಹುಡುಗಿ ಉಡಿಗೆ ಹಾಕ್ಲಿ?"

"ತೂತು ಮಾಡ್ದೋರ ಉಡಿಗೇ ಹಾಕಮ್ಮಾ," ಎಂದ ಮಾಲತೇಶ್.

ಅವನ ಕಿವಿಗಳು ಮೊದಲ ದಿನದಂತೆ ಕೆಂಪಾಗಿದ್ದವು. ಆದರೆ ಈ ಸಲ ಕಣ್ಣು ನೆಲ ನೋಡಲಿಲ್ಲ, ಅವಳನ್ನೇ ನೋಡುತ್ತಿತ್ತು.

"ಭಾನುವಾರ ಎಲ್ಲಿಗೂ ಬರಲ್ಲ ನಾನು," ಎಂದ ಮೆಲ್ಲಗೆ. "ಇವರು ಒಪ್ಪದಿದ್ರೂ ಬರಲ್ಲ."

"ಅಯ್ಯೋ, ಇದಕ್ಕೇನೋ ವಾರಾ ವಾರಾ ಬಸ್ಸು ಹತ್ತುತಿದ್ದೆ!" ಎಂದಳು ದ್ಯಾಮಮ್ಮ. ಮಗನಿಂದ ಮೈತ್ರಿಯ ಕಡೆ, ಮೈತ್ರಿಯಿಂದ ಖಣದ ಕಡೆ ನೋಡಿದಳು. ತುಟಿಯ ಮೂಲೆ ಸಡಿಲಾಯಿತು. "ನೀನೇನಂತೀಯವ್ವಾ?"

ಮೈತ್ರಿ ಅಪ್ಪನನ್ನು ನೋಡಿದಳು. ಸಣ್ಣಪ್ಪ ಕನ್ನಡಕ ಒರೆಸುತ್ತಾ, "ಪದ್ಯ ಮುಗಿಯೋತನಕ ನಿಲ್ಲೋ ಹುಡುಗ," ಎಂದರು, ತಮಗೇ ಎಂಬಂತೆ.

ಅವಳು ಮಾಲತೇಶ್ ಕಡೆ ತಿರುಗಿದಳು. "ಮೊದಲು ಒಂದು ಹೇಳ್ರಿ. ಮದುವಿಗೆ ತಾಂಬೂಲದ ಕವರ್ ಯಾರು ಆರಿಸೋರು?"

"ನಾನಂತೂ ಅಲ್ಲ," ಎಂದ.

"ಯಾರೂ ಬ್ಯಾಡ್ರಿ. ಚೀಲ ನಾನೇ ಹೊಲಿತೀನಿ. ಹೆಸರು ಹಾಕೂದಿಲ್ಲ. ನಮ್ಮ ಹೆಸರು ಕೆರಿ ತೂಬಿಗೆ ಗೊತ್ತಾಗೂದು ಬ್ಯಾಡ."

ಅವನು ನಕ್ಕ. ನಗುತ್ತಲೇ ತನ್ನ ಚೀಲದಿಂದ ಮಸಿ ಕಲೆಯ ಗಿಳಿಹಸಿರು ಪೀಸನ್ನು ತೆಗೆದು, "ಇದನ್ನ ಮೊದಲನೇ ಚೀಲ ಮಾಡಿ," ಎಂದು ಅವಳ ಮುಂದಿಟ್ಟ. ಎಷ್ಟು ದಿನದಿಂದ ಜೊತೆಯಲ್ಲೇ ಒಯ್ಯುತ್ತಿದ್ದನೋ, ಮಡಿಕೆ ಸವೆದಿತ್ತು.

ದ್ಯಾಮಮ್ಮ ಕುಂಕುಮ ಹಚ್ಚಿ ಖಣವನ್ನು ಅವಳ ಸೆರಗಿಗೆ ಹಾಕಿದಳು. "ರವಿಕೆ ಹೊಲ್ಕೋ. ಅಳತೆ ಬೇಕಾ?"

"ಗೊತ್ತೈತ್ರಿ," ಎಂದಳು ಮೈತ್ರಿ, ಮತ್ತು ಕತ್ತರಿ ತೆಗೆದುಕೊಂಡಳು. ಈ ಸಲ ಮನಸ್ಸು ಬಂತು.