ಕೂರದ ಚಿಲಕ

ಬಾಗಿಲು ತಾನಾಗಿ ತೆರೆದುಕೊಂಡಿತು. ಶೌಚಾಲಯದೊಳಗೆ ಅನುಷಾ ಕೂತಿದ್ದಳು. ಎದುರಿಗೇ ಕುಡಿಯುವ ನೀರಿನ ನಲ್ಲಿ, ಅಲ್ಲಿ ಊಟದ ಹೊತ್ತಿನ ಸಾಲು. ಸಾಲಿನಲ್ಲಿದ್ದ ಕೆಲಸಗಾರ ಚೇತನ್ ಕುಮಾರ್ ನಕ್ಕುಬಿಟ್ಟ.

ಅನುಷಾ ಬಟ್ಟೆ ಸರಿಮಾಡಿಕೊಂಡು ಹೊರಗೆ ಬಂದವಳೇ ಕೈಲಿದ್ದ ನೀರಿನ ಮಗ್ಗನ್ನು ಅವನ ಮುಖಕ್ಕೆ ಬೀಸಿದಳು. ಹುಬ್ಬು ಒಡೆದು ರಕ್ತ ಸುರಿಯಿತು.

ಮಧುಗಿರಿಯ ಹೊರವಲಯದ ಆ ಗಾರ್ಮೆಂಟ್ಸಿಗೆ ಹೆಡ್ ಕಾನ್‌ಸ್ಟೆಬಲ್ ಸಿದ್ದಗಂಗಮ್ಮ ಬರುವಷ್ಟರಲ್ಲಿ ಮ್ಯಾನೇಜರ್ ಪ್ರಭುದೇವ್ ದೂರು ಬರೆಸಿಟ್ಟಿದ್ದ — ಹುಡುಗಿಯ ಮೇಲೆ!

“ಚಿಲಕ ಹಾಕ್ಕೊಳ್ದೆ ಕೂತಿದ್ದು ಅವಳ ತಪ್ಪು, ಮೇಡಂ. ಅದರ ಮೇಲೆ ಹೊಡೆದಿದಾಳೆ. ಇವತ್ತೇ ಕೆಲಸದಿಂದ ತೆಗೀತೀನಿ.”

“ಹಾಕಿದ್ರೂ ಕೂರಲ್ಲ ಮೇಡಂ!” ಅನುಷಾ ಮಧ್ಯೆ ನುಗ್ಗಿದಳು. “ಒಂದ್ ಕೈಲಿ ಬಾಗ್ಲು ಹಿಡ್ಕೊಂಡೇ ಕೂರ್ಬೇಕು ನಾವು. ಇವತ್ತು ಕೈ ಜಾರ್‌ಬುಡ್ತು.”

“ಪಕ್ಕದ್ದು?”

“ಅದು ಆಫೀಸ್ನೋರ್ದು, ಸೂಪರ್‌ವೈಸರ್ದು. ಬೀಗ ಜಡ್ದಿರ್ತಾರೆ.”

ಸಿದ್ದಗಂಗಮ್ಮನಿಗೆ ಮೈ ಉರಿದುಹೋಯಿತು. ನೇರ ಅನುಷಾ ಕೂತಿದ್ದ ಶೌಚಾಲಯದೊಳಗೆ ಹೋದಳು. ಪ್ಲಾಸ್ಟಿಕ್ ಬಾಗಿಲು, ಪ್ಲಾಸ್ಟಿಕ್ ಚೌಕಟ್ಟು. ಎಳೆದುಕೊಂಡು ಚಿಲಕ ತಳ್ಳಿದಳು. ಅದರ ಕಂಬಿ ಚೌಕಟ್ಟಿನ ತಗಡಿನಲ್ಲಿದ್ದ ತೂತಿಗೆ ಹೋಗಲಿಲ್ಲ. ತೂತಿಗಿಂತ ಬೆರಳಗಲ ಮೇಲಕ್ಕೆ ಬಡಿದು ನಿಂತಿತು. ಬಗ್ಗಿ ನೋಡಿದಳು. ತಗಡಿನ ಸ್ಕ್ರೂಗಳ ತಲೆಯ ಗೀರು ಕಿತ್ತುಹೋಗಿತ್ತು.

ಮೆಕ್ಯಾನಿಕ್ ರಂಗೇಶ್ ಕೈಚೆಲ್ಲಿದ. “ಪ್ಲಾಸ್ಟಿಕ್ ಬಾಗ್ಲು ಮೇಡಂ. ಬಿಸ್ಲಿಗೆ ಕೀಲು ಸಡಿಲ ಆಗಿ ಜೋಲ್ತದೆ. ಹೋದ ವಾರ ತಾನೇ ಸರಿ ಮಾಡ್ಬುಟ್ಟು ಹೋಗಿದ್ದೆ. ಪಾಪಕ್ಕನ್ನ ಬಾಗ್ಲಲ್ಲಿ ನಿಲ್ಲಿಸ್ಕೊಂಡು.”

“ಹೌದು ಕಣಮ್ಮ,” ಎಂದಳು ಕಸ ಗುಡಿಸುವ ಪಾಪಕ್ಕ. “ಗಂಡಸ್ರು ಇಲ್ಲಿ ಕಾಲಿಟ್ರೆ ನಲ್ಲಿ ತಾವ ಇರೋರೆಲ್ಲ ಕೂಗಾಡ್ತಾರೆ.”

ಸೂಪರ್‌ವೈಸರ್ ಆಶಾರಾಣಿ ಒಂದು ಹೊಲಿಗೆ ಯಂತ್ರದ ಸೂಜಿಯನ್ನು ಚಿಕ್ಕ ಸ್ಕ್ರೂಡ್ರೈವರಿನಿಂದ ಬಿಗಿಮಾಡುತ್ತಲೇ ಉತ್ತರ ಕೊಟ್ಟಳು. “ನಾನೇ ಎಷ್ಟೋ ಸಲ ಹೇಳಿದೀನಿ ಮೇಡಂ, ಬಾಗ್ಲು ಬದಲಾಯ್ಸಿ ಅಂತ. ನಮ್ಮ ಮಾತು ಯಾರು ಕೇಳ್ತಾರೆ?”

ಸಿದ್ದಗಂಗಮ್ಮ ಎಲ್ಲರನ್ನೂ ಆ ಬಾಗಿಲ ಮುಂದೆ ನಿಲ್ಲಿಸಿದಳು.

“ರಂಗೇಶ್, ಜೋತ ಬಾಗಿಲು ಯಾವ ಕಡೆ ಹೋಗುತ್ತೆ?”

“ಕೆಳಕ್ಕೆ.”

“ಹಾಗಾದ್ರೆ ಕಂಬಿ ತೂತಿಗಿಂತ ಕೆಳಗಿರ್ಬೇಕು. ಇಲ್ಲಿ ಮೇಲಿದೆ! ಬಾಗಿಲು ತಾನಾಗಿ ಮೇಲಕ್ಕೆ ಏಳುತ್ತೇನಯ್ಯಾ?”

ರಂಗೇಶ್ ಬಗ್ಗಿ ಕಂಬಿಯನ್ನೂ ತೂತನ್ನೂ ನೋಡಿದ.

“ಬಾಗಿಲು ಅಲ್ಲಾಡಿಲ್ಲ. ತಗಡನ್ನ ಕೆಳಗಿಳಿಸಿದಾರೆ. ಬಿಚ್ಚು ಅದನ್ನ.”

ಅವನು ಬಿಚ್ಚಿದ. ಮೇಲುಗಡೆ ಎರಡು ಹಳೆಯ ತೂತು. ಬಿಳಿ ಚಾಕ್ ಮೆತ್ತಿ ಮುಚ್ಚಿದ್ದರು. ತಗಡನ್ನು ಅಲ್ಲಿಗೇ ಕೂರಿಸಿ ತಿರುಪಿದ. ಚಿಲಕ ಟಕ್ಕನೆ ಕೂತಿತು.

ಹೆಂಗಸರ ಗುಂಪಿನಿಂದ ಬೈಗುಳ ಸಿಡಿಯಿತು.

“ಯಾರ ಕೆಲ್ಸ ಇದು?” ಅನುಷಾ ಕಿರುಚಿದಳು.

“ಇವು ಸ್ಟಾರ್ ಸ್ಕ್ರೂ. ರಂಗೇಶನ ಹತ್ರ ಅದರ ಸ್ಕ್ರೂಡ್ರೈವರ್ ಇದೆ, ಅವನಾದ್ರೆ ತಲೆ ಕೀಳ್ತಿರಲಿಲ್ಲ. ಚಪ್ಪಟೆ ಮೂತಿಯ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದಾರೆ. ಗಂಡಸರು ಇಲ್ಲಿ ಬರೋ ಹಾಗಿಲ್ಲ. ಪಾಪಕ್ಕನ ಕೈಲಿ ಪೊರಕೆ ಬಿಟ್ರೆ ಬೇರೆ ಇಲ್ಲ. ಹೊಲಿಯೋರು ತಮ್ಮ ಮಾನ ತಾವೇ ಕಳ್ಕೊಳ್ತಾರಾ? ಸೂಜಿ ಬಿಗಿಮಾಡೋ ಸ್ಕ್ರೂಡ್ರೈವರ್ ಜೇಬಲ್ಲಿಟ್ಕೊಂಡು, ಬೀಗ ಹಾಕಿರೋ ಪಕ್ಕದ ಶೌಚಾಲಯಕ್ಕೆ ಹೋಗೋ ಹೆಂಗಸು ಇಲ್ಲಿ ಒಬ್ಬಳೇ.” ಸಿದ್ದಗಂಗಮ್ಮ ತಿರುಗಿದಳು. “ಅಲ್ವೇನಮ್ಮಾ, ಆಶಾರಾಣಿ?”

ಆಶಾರಾಣಿ ಜೇಬಿಗೆ ಕೈ ಅಡ್ಡ ಹಿಡಿದಳು. “ಒಳಗೆ ಹೋದೋರು ಫೋನ್ ನೋಡ್ತಾ ಕೂತ್ಬಿಡ್ತಾರೆ ಮೇಡಂ… ಟಾರ್ಗೆಟ್ ಆಗ್ಲಿಲ್ಲ ಅಂತ ಸಾರ್ ದಿನಾ ನಂಗೆ ಉಗೀತಾರೆ. ‘ಏನಾದ್ರೂ ಮಾಡು, ಬೇಗ ಹೊರಗೆ ಬರೋ ಹಾಗೆ ಮಾಡು’ ಅಂದ್ರು…”

ಎಲ್ಲರೂ ಪ್ರಭುದೇವನತ್ತ ನೋಡಿದರು. ಅವನು ಶರ್ಟಿನ ಗುಂಡಿ ಮುಟ್ಟಿಕೊಳ್ಳುತ್ತ ನಿಂತ.

“ಬಾಗಿಲಿಗೆ ಕೈ ಹಾಕು ಅಂತ ನಾನು ಹೇಳಿರಲಿಲ್ಲ…”

“ಏನು ಮಾಡಿದೆ ಅಂತ ಕೇಳಲೂ ಇಲ್ಲ.” ಸಿದ್ದಗಂಗಮ್ಮ ಪೆನ್ನು ತೆಗೆದಳು. “ಗಾಯದ ದೂರು ಇರಲಿ, ಅದನ್ನೂ ನೋಡ್ತೀನಿ. ಈಗ ಅನುಷಾ ಹೇಳ್ತಾಳೆ, ನಾನು ಬರ್ಕೊಳ್ತೀನಿ.”

ಹುಬ್ಬಿಗೆ ಬಟ್ಟೆ ಒತ್ತಿಕೊಂಡಿದ್ದ ಚೇತನ್ ಮೆಲ್ಲಗೆ ಹೊರಟ.

“ಏ, ಎಲ್ಲಿಗಯ್ಯಾ? ನಿಂತ್ಕೋ. ನೀನು ನಕ್ಕಿದ್ದೂ ಬರೀಬೇಕು.”

ಅನುಷಾ ಹೇಳತೊಡಗಿದಳು. ಅವಳು ಮುಗಿಸುವವರೆಗೂ ಹೊಲಿಗೆ ಹಾಲ್‌ನಲ್ಲಿ ಒಂದು ಯಂತ್ರವೂ ಓಡಲಿಲ್ಲ.